ಮಲೆನಾಡಿನ ರೀಫ್ ಟ್ಯಾಂಕ್: ಎಷ್ಟು ದಿನಕ್ಕೊಮ್ಮೆ ಟೆಸ್ಟ್? ಮಳೆಗಾಲಕ್ಕೆ ಬೇರೆ ಲೆಕ್ಕ ಬೇಕಾ?

ವಿನೋಬನಗರ_ರೀಫ್

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. ಮನೆಯಲ್ಲಿ 200 ಲೀಟರಿನ ರೀಫ್ ಟ್ಯಾಂಕ್ ಇದೆ, ಅಂದರೆ ಹವಳ, ಮೀನು ಸಾಕುವ ಉಪ್ಪುನೀರಿನ ಟ್ಯಾಂಕ್. ಕೆಳಗೆ ಸಣ್ಣ ಸಂಪ್, ಅಂದರೆ ಫಿಲ್ಟರ್ ಇಡುವ ತೊಟ್ಟಿ. ಕಲ್ಲು, ಮರಳಿನ ಜಾಗ ಕಳೆದರೆ ನೀರು ಸುಮಾರು 170 ಲೀಟರ್ ಇರಬಹುದು. ಜೋಡಿ ಕ್ಲೌನ್ ಮೀನು, ಒಂದು ಗೋಬಿ, ಒಂದಿಷ್ಟು ಬಸವನಹುಳು. ಹವಳದಲ್ಲಿ ಝೋವಾ, ಮಶ್ರೂಮ್, ಒಂದು ಟೋಡ್‌ಸ್ಟೂಲ್ ಲೆದರ್, ಮೂಲೆಯಲ್ಲಿ ಝೀನಿಯಾ, ಎಲ್ಲ ಮೆದು ಹವಳ. ಸುಣ್ಣದ ಗೂಡು ಕಟ್ಟುವ ಗಟ್ಟಿ ಹವಳ ಒಂದೂ ಇಲ್ಲ. ಹಿಂದಿನ ಗಾಜಿನ ಮೇಲೆ ಕೋರಲೈನ್ ಅನ್ನುವ ನೇರಳೆ ಸುಣ್ಣದ ಪಾಚಿ ಚೆನ್ನಾಗಿ ಹಬ್ಬುತ್ತಿದೆ.

ಕೆಎಚ್ (ನೀರಿನ ಕ್ಷಾರೀಯತೆ, ಅಂದರೆ ಕಾರ್ಬೊನೇಟ್ ಅಂಶ; ಅಳೆಯುವುದು ಡಿಕೆಎಚ್‌ನಲ್ಲಿ), ಕ್ಯಾಲ್ಸಿಯಂ, ಮೆಗ್ನೀಸಿಯಂ, ನೈಟ್ರೇಟ್, ಫಾಸ್ಫೇಟ್ ಐದಕ್ಕೂ ಟೆಸ್ಟ್ ಕಿಟ್ ಇಟ್ಟುಕೊಂಡಿದ್ದೇನೆ. ಐದೂ ಮಾಡಲು ಕೂತರೆ ಭಾನುವಾರದ ಬೆಳಿಗ್ಗೆ ಅದಕ್ಕೇ ಹೋಗುತ್ತದೆ. ಹೊರದೇಶದ ವಿಡಿಯೋಗಳಲ್ಲಿ ದಿನಾ ಕೆಎಚ್ ನೋಡಿ ಅನ್ನುತ್ತಾರೆ. ಇಲ್ಲಿನ ಗೆಳೆಯರೊಬ್ಬರು ಟೆಸ್ಟೇ ಬೇಡ, ವಾರಕ್ಕೊಮ್ಮೆ ನೀರು ಬದಲಾಯಿಸು ಸಾಕು ಅನ್ನುತ್ತಾರೆ. ಯಾರ ಮಾತು ಹಿಡಿಯಲಿ?

ಇನ್ನೊಂದು ವಿಷಯ. ಮೇ ಮುಗಿಯುತ್ತಾ ಬಂತು. ಮಳೆ ಹಿಡಿದರೆ ಕಿಟಕಿ ತೆಗೆಯುವ ಹಾಗಿಲ್ಲ, ಕರೆಂಟ್ ನಂಬುವ ಹಾಗಿಲ್ಲ. ಮಳೆಗಾಲಕ್ಕೆ ಅಂತ ಟೆಸ್ಟ್ ಮಾಡುವ ಕ್ರಮ ಬದಲಾಗಬೇಕಾ?

ಸಾಗರದ_ಉಪ್ಪುನೀರು

ದಿನ ಎಣಿಸುವುದರಿಂದ ಶುರು ಮಾಡಬೇಡಿ. ನಿಮ್ಮ ಟ್ಯಾಂಕ್ ದಿನಕ್ಕೆ ಎಷ್ಟು ಕೆಎಚ್ ಬಳಸುತ್ತದೆ ಅನ್ನುವುದನ್ನು ಮೊದಲು ಕಂಡುಕೊಳ್ಳಿ. ಅದು ಗೊತ್ತಾದರೆ ಎಷ್ಟು ದಿನಕ್ಕೊಮ್ಮೆ ಅನ್ನುವುದು ತಾನಾಗಿ ಬರುತ್ತದೆ.

ವಿಡಿಯೋದವರು ದಿನಾ ನೋಡಿ ಅನ್ನುವುದಕ್ಕೆ ಕಾರಣ ಇದೆ. ಅವರ ಟ್ಯಾಂಕ್ ತುಂಬ ಅಕ್ರೋಪೋರಾದಂಥ ಗಟ್ಟಿ ಹವಳ. ಅಂಥ ಟ್ಯಾಂಕ್ ಒಂದು ದಿನಕ್ಕೆ 1 ರಿಂದ 2 ಡಿಕೆಎಚ್ ನುಂಗಿಬಿಡಬಹುದು. ಬಳಸಿದ್ದನ್ನು ತುಂಬಿಕೊಡುವ ಡೋಸಿಂಗ್ ಪಂಪ್ ಎರಡು ದಿನ ನಿಂತರೆ ಹವಳಕ್ಕೆ ಪೆಟ್ಟು ಬೀಳುತ್ತದೆ. ಅವರು ದಿನಾ ನೋಡಲೇಬೇಕು. ನಿಮ್ಮಲ್ಲಿ ಕೆಎಚ್ ಬಳಸುವುದು ಯಾರು? ಕೋರಲೈನ್, ಬಸವನಹುಳುವಿನ ಚಿಪ್ಪು, ಲೆದರ್ ಮೈಯೊಳಗಿನ ಸಣ್ಣ ಸುಣ್ಣದ ಚೂರುಗಳು. ಇಷ್ಟೇ. ಹಾಗಾಗಿ ಅವರ ಲೆಕ್ಕ ನಿಮಗೆ ಹೊಂದುವುದಿಲ್ಲ.

ಅಳೆಯುವುದು ಹೀಗೆ. ನೀರು ಬದಲಾಯಿಸಿದ ಮಾರನೇ ದಿನ ಕೆಎಚ್ ನೋಡಿ ಬರೆದಿಡಿ. ಆಮೇಲೆ ಮೂರು ದಿನ ನೀರು ಬದಲಾಯಿಸಬೇಡಿ, ಏನೂ ಡೋಸ್ ಮಾಡಬೇಡಿ. ಮೊದಲ ಟೆಸ್ಟ್‌ನಿಂದ ಸರಿಯಾಗಿ ಮೂರು ದಿನ ಕಳೆದ ಮೇಲೆ ಅದೇ ಹೊತ್ತಿಗೆ, ಅದೇ ಕಿಟ್‌ನಲ್ಲಿ ಮತ್ತೆ ನೋಡಿ. ವ್ಯತ್ಯಾಸವನ್ನು ಮೂರರಿಂದ ಭಾಗಿಸಿ. ಅದೇ ಹೊತ್ತು ಅನ್ನುವುದು ಮುಖ್ಯ. ಲೈಟ್ ಉರಿಯುವಾಗ ಸುಣ್ಣ ಕಟ್ಟುವ ಕೆಲಸ ಜೋರಾಗಿ ನಡೆಯುತ್ತದೆ, ರಾತ್ರಿ ನಿಧಾನ. ಒಮ್ಮೆ ಬೆಳಿಗ್ಗೆ, ಇನ್ನೊಮ್ಮೆ ಸಂಜೆ ನೋಡಿದರೆ ಹೋಲಿಕೆಗೆ ಬರುವುದಿಲ್ಲ.

ಐದು ಕಿಟ್‌ಗಳಲ್ಲಿ ಕೆಎಚ್ ಒಂದನ್ನೇ ನಾನು ಮುಂದಕ್ಕೆ ತಳ್ಳುವುದಕ್ಕೆ ಕಾರಣ ಹೇಳುತ್ತೇನೆ. ಹವಳ ಆಗಲಿ ಕೋರಲೈನ್ ಆಗಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟುವಾಗ ಕೆಎಚ್, ಕ್ಯಾಲ್ಸಿಯಂ ಎರಡನ್ನೂ ಒಂದು ನಿಗದಿತ ಪ್ರಮಾಣದಲ್ಲಿ ಎಳೆದುಕೊಳ್ಳುತ್ತದೆ. ಕೆಎಚ್ 1 ಇಳಿದರೆ ಕ್ಯಾಲ್ಸಿಯಂ ಸುಮಾರು 7 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇಳಿಯುತ್ತದೆ. ಈಗ ನೋಡಿ: ಕೆಎಚ್ 8 ಇದ್ದದ್ದು 7 ಆದರೆ ಎಂಟರಲ್ಲಿ ಒಂದು ಪಾಲು ಹೋಯಿತು. ಅಷ್ಟರಲ್ಲಿ ಕ್ಯಾಲ್ಸಿಯಂ 420 ಇದ್ದದ್ದು 413 ಆಗಿರುತ್ತದೆ. ಮನೆಯ ಕಿಟ್‌ಗೆ ಆ 7 ಕಾಣುವುದೇ ಇಲ್ಲ. ಮೆಗ್ನೀಸಿಯಂ ಇನ್ನೂ ನಿಧಾನ. ಹಾಗಿರುವಾಗ ಕ್ಯಾಲ್ಸಿಯಂ ಅನ್ನು ವಾರವಾರ ನೋಡುವುದು ಸುಮ್ನೆ ರೀಏಜೆಂಟ್ (ಕಿಟ್‌ನ ರಾಸಾಯನಿಕ) ಖರ್ಚು. ತಿಂಗಳಿಗೊಮ್ಮೆ ಸಾಕು. ಮೆಗ್ನೀಸಿಯಂ ಎರಡು ತಿಂಗಳಿಗೊಮ್ಮೆ, ಇಲ್ಲವಾದರೆ ಹೊಸ ಉಪ್ಪಿನ ಚೀಲ ಒಡೆದಾಗ.

ಸಮುದ್ರದಲ್ಲಿ ಕೆಎಚ್ ಸುಮಾರು 7, ಕ್ಯಾಲ್ಸಿಯಂ 410ರ ಆಸುಪಾಸು, ಮೆಗ್ನೀಸಿಯಂ 1280–1300, ಉಪ್ಪು 35 ಪಿಪಿಟಿ, ಅಂದರೆ ಸಾವಿರಕ್ಕೆ 35 ಪಾಲು. ನಮ್ಮ ಟ್ಯಾಂಕ್‌ಗಳಲ್ಲಿ ಕೆಎಚ್ 7.5ರಿಂದ 9ರ ಒಳಗೆ ಎಲ್ಲಿದ್ದರೂ ಸರಿ. ಎಲ್ಲಿದೆ ಅನ್ನುವುದಕ್ಕಿಂತ ಅಲ್ಲೇ ನಿಂತಿದೆಯಾ ಅನ್ನುವುದು ದೊಡ್ಡದು.

ನಿಮ್ಮ ಟ್ಯಾಂಕ್ ದಿನಕ್ಕೆ 0.1 ಇಳಿಸುತ್ತಿದ್ದರೆ ಹತ್ತು ದಿನಕ್ಕೊಮ್ಮೆ ನೋಡಿದರೂ ನಡೆಯುತ್ತದೆ. 0.3 ಇದ್ದರೆ ವಾರಕ್ಕೆ ಎರಡು ಸಲ. 1 ದಾಟಿದರೆ ದಿನಾ. ಎರಡು ಟೆಸ್ಟ್‌ಗಳ ನಡುವೆ 1 ಡಿಕೆಎಚ್‌ಗಿಂತ ಹೆಚ್ಚು ಕದಲಬಾರದು. ನನ್ನ ಅಳತೆ ಅದು.

ಭದ್ರಾವತಿ_ನೀಲಿ

ನಾನು ಬೇರೆ ಮಾತು ಹೇಳುತ್ತೇನೆ. ಇಷ್ಟು ಲೆಕ್ಕ ಯಾಕೆ? ಝೀನಿಯಾ ಕೈ ಮುಚ್ಚಿ ಬಿಚ್ಚಿ ಮಾಡುತ್ತಿದೆಯಾ, ಝೋವಾ ಬೆಳಿಗ್ಗೆ ಹೊತ್ತಿಗೆ ಅರಳುತ್ತದೆಯಾ, ಗಾಜಿನ ಮೇಲೆ ಹೊಸ ಕೋರಲೈನ್ ಚುಕ್ಕೆ ಬರುತ್ತಿದೆಯಾ, ಬಸವನಹುಳುವಿನ ಚಿಪ್ಪಿನ ಅಂಚು ನಯವಾಗಿದೆಯಾ, ಇಷ್ಟು ದಿನಾ ನೋಡಿದರೆ ಟ್ಯಾಂಕ್ ತಾನೇ ಹೇಳುತ್ತದೆ. ಟೆಸ್ಟ್ ಜಾಸ್ತಿ ಮಾಡುವವರು ಡೋಸಿಂಗ್ ಕೂಡ ಜಾಸ್ತಿ ಮಾಡುತ್ತಾರೆ. 7.8 ಬಂತು ಅಂತ ಒಂದು ಚಮಚ ಹಾಕುತ್ತಾರೆ, 8.9 ಬಂತು ಅಂತ ನಿಲ್ಲಿಸುತ್ತಾರೆ. ಹವಳ ಸಾಯುವುದು ಈ ಏರಿಳಿತದಿಂದ. ಸಾಫ್ಟ್ (ಮೆದು) ಹವಳದ ಟ್ಯಾಂಕ್‌ಗೆ ವಾರಕ್ಕೆ ಹತ್ತು ಪರ್ಸೆಂಟ್ ನೀರು ಬದಲಾಯಿಸಿದರೆ ಉಪ್ಪಿನಲ್ಲೇ ಬೇಕಾದದ್ದೆಲ್ಲ ಬರುತ್ತದೆ.

ಸಾಗರದ_ಉಪ್ಪುನೀರು

ಅರ್ಧ ಒಪ್ಪುತ್ತೇನೆ. ಒಂದು ಟೆಸ್ಟ್ ನೋಡಿ ಯಾವತ್ತೂ ಏನೂ ಹಾಕಬಾರದು. ಮನೆಯ ಕಿಟ್‌ನಲ್ಲಿ ಅರ್ಧ ಡಿಕೆಎಚ್ ಆಚೆ ಈಚೆ ಆಗುವುದು ಸಾಮಾನ್ಯ. ಹನ್ನಾ ಚೆಕರ್ ಅನ್ನುವ ಡಿಜಿಟಲ್ ಮೀಟರ್ ಆದರೂ ಗಾಜಿನ ಬಾಟಲಿಯ ಮೇಲೆ ಬೆರಳ ಗುರುತು ಇದ್ದರೆ ಸುಳ್ಳು ಹೇಳುತ್ತದೆ. ಬಂದ ಸಂಖ್ಯೆ ವಿಚಿತ್ರ ಅನ್ನಿಸಿದರೆ ಮಾರನೇ ದಿನ ಮತ್ತೆ ನೋಡಬೇಕು. ಎರಡೂ ಸಲ ಅದೇ ಬಂದರೆ ಮಾತ್ರ ಸರಿಪಡಿಸಬೇಕು, ಅದೂ ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಹೆಚ್ಚಲ್ಲ.

ಒಪ್ಪದ ಇನ್ನರ್ಧ ಇದು. ಝೀನಿಯಾ ಕೈ ನಿಲ್ಲಿಸಿದಾಗ ಏನೋ ತಪ್ಪಿದೆ ಅಂತ ಗೊತ್ತಾಗುತ್ತದೆ, ಏನು ತಪ್ಪಿದೆ ಅಂತ ಗೊತ್ತಾಗುವುದಿಲ್ಲ. ಕೆಎಚ್ಚಾ, ಉಪ್ಪಾ, ಶಾಖವಾ? ಟೋಡ್‌ಸ್ಟೂಲ್ ಅಂತೂ ಪೊರೆ ಬಿಡುವಾಗ ದಿನಗಟ್ಟಲೆ ಮುದುಡಿ ಕೂರುತ್ತದೆ. ಅದು ಅದರ ಸಹಜ ಸ್ವಭಾವ, ನೀರಿನ ತಪ್ಪಲ್ಲ. ಹಿಂದಿನ ವಾರಗಳ ಸಂಖ್ಯೆ ನೋಟ್‌ಬುಕ್‌ನಲ್ಲಿ ಇದ್ದರೆ ಎರಡನ್ನೂ ಬೇರೆ ಮಾಡಿ ನೋಡಬಹುದು. ಎಲ್ಲ ಚೆನ್ನಾಗಿರುವಾಗ ಮಾಡಿದ ಟೆಸ್ಟೇ ಕೆಟ್ಟಾಗ ಕೈ ಹಿಡಿಯುವುದು.

ಭದ್ರಾವತಿ_ನೀಲಿ

ಆ ಕೊನೆಯ ಮಾತು ಒಪ್ಪಿದೆ. ನೋಟ್‌ಬುಕ್ ಇರಲಿ. ಸಂಖ್ಯೆ ನೋಡಿದ ತಕ್ಷಣ ಕೈ ಡಬ್ಬಿಗೆ ಹೋಗದಿದ್ದರೆ ಸಾಕು.

ತೀರ್ಥಹಳ್ಳಿ_ತೋಟ

ಮಳೆಗಾಲದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಮ್ಮ ಮನೆ ಅಡಿಕೆ ತೋಟದ ಮಧ್ಯೆ. ಮಳೆ ಹಿಡಿದ ಮೇಲೆ ಟ್ಯಾಂಕ್ ಬೇರೆಯೇ ಟ್ಯಾಂಕ್ ಆಗುತ್ತದೆ ಅಂತ ಧೈರ್ಯವಾಗಿ ಹೇಳಬಲ್ಲೆ.

ಮೊದಲನೆಯದು ಆವಿ. ಏಪ್ರಿಲ್‌ನಲ್ಲಿ ಶಿವಮೊಗ್ಗದ ಬಿಸಿಲು 36 ಡಿಗ್ರಿ ದಾಟುತ್ತದೆ, ಟ್ಯಾಂಕ್‌ನಿಂದ ನೀರು ಬೇಗ ಆರುತ್ತದೆ. ಆರಿದ್ರಾ ಮಳೆ ಶುರುವಾದ ಮೇಲೆ ಗೋಡೆಯೇ ಬೆವರುತ್ತದೆ, ಟ್ಯಾಂಕ್ ನೀರು ಆರುವುದೆಲ್ಲಿ? ಇದು ಯಾಕೆ ಮುಖ್ಯ ಅಂದರೆ ನನ್ನಂತೆ ತುಂಬ ಜನ ಆರಿದ್ದಕ್ಕೆ ಬದಲು ತುಂಬುವ ಟಾಪ್ ಅಪ್ ನೀರಿಗೇ ಸುಣ್ಣದ ತಿಳಿ ಬೆರೆಸುತ್ತಾರೆ, ಕಾಲ್ಕ್‌ವಾಸರ್ ಅನ್ನುತ್ತಾರಲ್ಲ ಅದು. ಪೂರ್ತಿ ಗಟ್ಟಿಯಾದ ಸುಣ್ಣದ ತಿಳಿ 1 ಲೀಟರ್ ಹೋದರೆ 170 ಲೀಟರ್ ಟ್ಯಾಂಕ್‌ನ ಕೆಎಚ್ ಸುಮಾರು 0.65 ಏರುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 1 ಲೀಟರ್ ಆರುತ್ತಿದ್ದದ್ದು ಮಳೆಗಾಲದಲ್ಲಿ ಅರ್ಧಕ್ಕಿಂತ ಕೆಳಗೆ ಬಂದರೆ ಕೆಎಚ್ ಹೋಗುವುದೂ ಅರ್ಧಕ್ಕಿಂತ ಕಮ್ಮಿ. ನೀವು ಏನೂ ಬದಲಾಯಿಸಿಲ್ಲ, ಆದರೂ ಟ್ಯಾಂಕ್‌ಗೆ ಹೋಗುವುದು ಬದಲಾಗಿದೆ. ಅದಕ್ಕೇ ಜೂನ್, ಜುಲೈನಲ್ಲಿ ನಾನು ಕೆಎಚ್ ಟೆಸ್ಟ್ ಹತ್ತಿರ ಹತ್ತಿರ ಮಾಡುತ್ತೇನೆ.

ಒಂದು ಎಚ್ಚರ: ಎಲೆ ಅಡಿಕೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಬೇಡ. ಅದರಲ್ಲಿ ಇನ್ನೇನಿದೆ ಗೊತ್ತಿರುವುದಿಲ್ಲ. ಶುದ್ಧತೆ ಬರೆದಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತರಿಸಿ. ಸುಣ್ಣದ ತಿಳಿಯ ಪಿಎಚ್ 12 ದಾಟಿರುತ್ತದೆ, ಹನಿಹನಿಯಾಗಿಯೇ ಹೋಗಬೇಕು.

ಎರಡನೆಯದು ಪಿಎಚ್. ಕಿಟಕಿ, ಬಾಗಿಲು ಎಲ್ಲ ಹಾಕಿದ ಮನೆ. ಒಳಗೆ ಅಷ್ಟು ಜನ, ಒಲೆ ಉರಿಯುತ್ತಿದೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗುತ್ತದೆ, ಅದು ನೀರಿಗೆ ಇಳಿಯುತ್ತದೆ, 8.2 ಇದ್ದ ಪಿಎಚ್ 7.8ಕ್ಕೆ ಬಂದು ಕೂರುತ್ತದೆ. ಕೆಎಚ್ ಸರಿಯಿದ್ದರೆ ಇದಕ್ಕೆ ಗಾಬರಿ ಬೇಡ. ಪಿಎಚ್ ಏರಿಸುವ ಬಾಟಲಿ ಖಂಡಿತ ಬೇಡ. ಅದನ್ನು ಹಾಕಿದರೆ ಕೆಎಚ್ ಏರುತ್ತದೆ, ಮನೆಯ ಗಾಳಿ ಹಾಗೇ ಇರುವುದರಿಂದ ಪಿಎಚ್ ಮತ್ತೆ ಇಳಿಯುತ್ತದೆ. ಗಾಳಿಗುಳ್ಳೆಯಿಂದ ಕೊಳೆ ತೆಗೆಯುವ ಸ್ಕಿಮ್ಮರ್‌ನ ಗಾಳಿ ಪೈಪನ್ನು ಕಿಟಕಿಯ ಸಂದಿಯಿಂದ ಹೊರಗೆ ಬಿಟ್ಟರೆ ಎಷ್ಟೋ ಸುಧಾರಿಸುತ್ತದೆ.

ಮೂರನೆಯದನ್ನು ತೋಟದವರು ದಯವಿಟ್ಟು ಗಮನವಿಟ್ಟು ಓದಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಅನ್ನುವ ಔಷಧಿ ಹೊಡೆಯುತ್ತೇವೆ. ಒಂದು ಪರ್ಸೆಂಟ್ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರ. ಮನುಷ್ಯರಿಗೆ, ಮೀನಿಗೆ ಏನೂ ಅನ್ನಿಸದಷ್ಟು ಕಮ್ಮಿ ತಾಮ್ರ ಕೂಡ ಬಸವನಹುಳು, ಸೀಗಡಿ, ಹವಳಕ್ಕೆ ವಿಷ. ಮಳೆಗೆ ಮುಂಚೆ ಒಂದು ಸಲ, ಮತ್ತೆ 40–45 ದಿನಕ್ಕೆ ಇನ್ನೊಂದು ಸಲ ಹೊಡೆಯುವುದು ರೂಢಿ. ಆ ದಿನಗಳಲ್ಲಿ ಸ್ಕಿಮ್ಮರ್‌ನ ಹೊರಗಿನ ಪೈಪ್ ಒಳಗೆ ತನ್ನಿ. ಔಷಧಿ ಕಲಸಿದ ಕೈಯನ್ನು ಟ್ಯಾಂಕ್‌ಗೆ ಹಾಕಬೇಡಿ, ಎಷ್ಟು ತೊಳೆದಿದ್ದರೂ ಆ ದಿನ ಬೇಡ. ಕಲಸಿದ ಡ್ರಮ್ಮು, ಬಕೆಟ್ಟು ಟ್ಯಾಂಕ್ ಕೆಲಸಕ್ಕೆ ಯಾವತ್ತೂ ಬೇಡ. ತೋಟದ ಪಕ್ಕದ ಸೂರಿನಿಂದ ಹಿಡಿದ ಮಳೆ ನೀರೂ ಬೇಡ.

ತಾಮ್ರದ ಕಿಟ್ ತಂದು ನೋಡುತ್ತೇನೆ ಅಂದರೆ ಅದೂ ಪೂರ್ತಿ ಭರವಸೆ ಕೊಡುವುದಿಲ್ಲ. ಅಂಗಡಿಯ ತಾಮ್ರದ ಕಿಟ್ ಇರುವುದು ಮೀನಿನ ರೋಗಕ್ಕೆ ತಾಮ್ರ ಹಾಕಿದಾಗ ಪ್ರಮಾಣ ಸರಿಯಾಗಿದೆಯಾ ಅಂತ ನೋಡಲು. ಅದರಲ್ಲಿ ಸೊನ್ನೆ ಬಂದರೂ ಬಸವನಹುಳುವಿಗೆ ಸಾಲುವಷ್ಟು ಇರಬಹುದು. ಅನುಮಾನ ಬಂದರೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ದೊಡ್ಡ ಪ್ರಮಾಣದಲ್ಲಿ ನೀರು ಬದಲಾಯಿಸಿ, ಆಮೇಲೆ ನೀರಿನ ಲೋಹಗಳನ್ನು ಸೂಕ್ಷ್ಮವಾಗಿ ಅಳೆಯುವ ಐಸಿಪಿ ಲ್ಯಾಬ್‌ಗೆ ನೀರು ಕಳಿಸಿ.

ಕೊಪ್ಪ_ನ್ಯಾನೋ

ತೋಟದ ಮಾಹಿತಿಗೆ ತುಂಬ ಥ್ಯಾಂಕ್ಸ್. ನಮ್ಮದೂ ತೋಟದ ಮನೆ. ನಾನು ಈಗಷ್ಟೇ ಶುರು ಮಾಡುತ್ತಿದ್ದೇನೆ, 40 ಲೀಟರ್. ಮೊನ್ನೆ ಉಪ್ಪು ನೀರು ಹಾಕಿ ಒಣ ಕಲ್ಲು ಇಟ್ಟಿದ್ದೇನೆ. ನನಗೂ ಇದೇ ಲೆಕ್ಕವಾ? ನೀರಿಗೆ ಮನೆಯ ಕುಡಿಯುವ ಆರ್‌ಒ ಸಾಕಾ? ನಮ್ಮ ಬಾವಿ ನೀರು ತುಂಬ ಮೆದು. ಗಂಗಾ ಸ್ನಾನ ತುಂಗಾ ಪಾನ ಅಂತ ಹೇಳುವ ಸೀಮೆಯ ನೀರು, ನೇರವಾಗಿ ಹಾಕಿದರೂ ತೊಂದರೆ ಇಲ್ಲ ಅನ್ನುತ್ತಾರೆ ಮನೆಯಲ್ಲಿ.

ಸಾಗರದ_ಉಪ್ಪುನೀರು

ನಿಮಗೆ ಬೇರೆ ಲೆಕ್ಕ. ಈಗ ಕೆಎಚ್, ಕ್ಯಾಲ್ಸಿಯಂ ಮುಟ್ಟಬೇಡಿ, ಅದನ್ನು ಬಳಸುವವರೇ ಯಾರೂ ಇಲ್ಲ. ಅಮೋನಿಯಾ ಎರಡು ದಿನಕ್ಕೊಮ್ಮೆ, ಅದು ಇಳಿಯಲು ಶುರುವಾದ ಮೇಲೆ ನೈಟ್ರೈಟ್. ಎರಡೂ ಸೊನ್ನೆಯಾಗಿ ನೈಟ್ರೇಟ್ ಕಾಣಿಸಿಕೊಂಡರೆ ಸೈಕಲ್ ಮುಗಿಯಿತು, ಅಂದರೆ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ನೆಲೆಯಾದವು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯ ತನಕ ಮೀನು ತರಬೇಡಿ.

ನೀರಿನ ಬಗ್ಗೆ. ಬಾವಿ ನೀರು ಕುಡಿಯಲು ಚಿನ್ನ, ಹವಳಕ್ಕೆ ಅಲ್ಲ. ಮೆದು ಅಂದರೆ ಸುಣ್ಣದಂಶ ಕಮ್ಮಿ ಅಂತ ಮಾತ್ರ. ತೋಟಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್, ಪೈಪಿನ ಲೋಹ, ನಿಮ್ಮ ವಿಷಯದಲ್ಲಿ ಮೈಲುತುತ್ತ, ಇವೆಲ್ಲ ಅದರಲ್ಲಿ ಇರಬಹುದು. ಇನ್ನು ಕುಡಿಯುವ ಆರ್‌ಒ ಮಷೀನ್‌ಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಅಂಶ) ಕಂಟ್ರೋಲರ್ ಅಂತ ಒಂದು ಇರುತ್ತದೆ. ರುಚಿಗೆ ಅಂತ ಆರ್‌ಒ ಆಗದ ನೀರನ್ನು ಸ್ವಲ್ಪ ಬೆರೆಸುತ್ತದೆ. ಕೆಲವದರಲ್ಲಿ ಖನಿಜದ ಕಾರ್ಟ್ರಿಜ್ ಬೇರೆ. ಅದನ್ನು ತಪ್ಪಿಸಿ ಕೊನೆಗೆ ಉಳಿದ ಅಂಶ ಹೀರುವ ಡಿಐ ರೆಸಿನ್ ಹಾಕಿಸಿ, ಟಿಡಿಎಸ್ ಮೀಟರ್‌ನಲ್ಲಿ 0 ಬರಬೇಕು. ಈ ಟೆಸ್ಟನ್ನು ಮಾತ್ರ ಪ್ರತಿ ಸಲ ನೀರು ಹಿಡಿಯುವಾಗ ಮಾಡಿ. ಒಂದು ನಿಮಿಷದ ಕೆಲಸ.

40 ಲೀಟರ್ ಟ್ಯಾಂಕ್‌ಗೆ ಉಪ್ಪಿನ ಮಟ್ಟ ದಿನ ಬಿಟ್ಟು ದಿನ ನೋಡಿ. ದೊಡ್ಡ ಟ್ಯಾಂಕ್‌ನಲ್ಲಿ ಅರ್ಧ ಲೀಟರ್ ಆರಿದರೆ ಲೆಕ್ಕಕ್ಕಿಲ್ಲ, ನಿಮ್ಮದರಲ್ಲಿ ತಕ್ಷಣ ಗೊತ್ತಾಗುತ್ತದೆ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಅನ್ನು 35 ಪಿಪಿಟಿ ದ್ರಾವಣದಿಂದ ಸರಿಹೊಂದಿಸಿ. ಆರ್‌ಒ ನೀರಿನಲ್ಲಿ 0 ತೋರಿಸಿತು ಅಂದ ಮಾತ್ರಕ್ಕೆ 35ರಲ್ಲೂ ಸರಿ ತೋರಿಸುತ್ತದೆ ಅಂತ ಇಲ್ಲ.

ಹೊಸನಗರ_ಅಲೆ

ಉಪ್ಪು ದುಬಾರಿ ಅಂತ ನಾನು ಕರಾವಳಿ ಕಡೆ ಹೋದಾಗ ಕ್ಯಾನ್‌ಗಳಲ್ಲಿ ಸಮುದ್ರದ ನೀರೇ ತರುತ್ತೇನೆ. ಆ ನೀರಿಗೆ ಏನೇನು ಟೆಸ್ಟ್ ಬೇಕು?

ತೀರ್ಥಹಳ್ಳಿ_ತೋಟ

ಯಾವ ತಿಂಗಳು ಅನ್ನುವುದರ ಮೇಲೆ ಹೋಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್ ತನಕ, ಹೊಳೆ ಬಾಯಿಯಿಂದ ದೂರದಲ್ಲಿ ತುಂಬಿದ ನೀರಾದರೆ ಉಪ್ಪು, ಕೆಎಚ್, ಫಾಸ್ಫೇಟ್ ಮೂರು ನೋಡಿದರೆ ಸಾಕು. ಮಳೆಗಾಲದಲ್ಲಿ ಬೇಡವೇ ಬೇಡ. ನಮ್ಮ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುವುದು. ಘಟ್ಟದ ಮೇಲೆ ಬಿದ್ದ ಮಳೆಯೆಲ್ಲ ಕೆಸರು, ಗೊಬ್ಬರದ ಸಮೇತ ಅಲ್ಲಿಗೆ ಹೋಗುತ್ತದೆ. ದಡದ ನೀರಿನಲ್ಲಿ ಉಪ್ಪು ಎಷ್ಟೋ ಕಮ್ಮಿ ಇರುತ್ತದೆ. ಬಂದರಿನ ಹತ್ತಿರ ಯಾವ ಕಾಲದಲ್ಲೂ ತುಂಬಬೇಡಿ, ಬೋಟಿನ ಡೀಸೆಲ್ಲು, ತಳಕ್ಕೆ ಬಳಿದ ಬಣ್ಣ ಎಲ್ಲ ನೀರಿಗೆ ಬಿಡುತ್ತದೆ. ಆ ಬಣ್ಣದಲ್ಲೂ ತಾಮ್ರ ಇರುತ್ತದೆ.

ಹೊಸನಗರ_ಅಲೆ

ಸರಿ, ಮಳೆಗಾಲಕ್ಕೆ ಉಪ್ಪಿನ ಚೀಲವೇ ತರಿಸುತ್ತೇನೆ. ಇನ್ನೊಂದು ಪ್ರಶ್ನೆ. ಮುಂದೆ ಅಕ್ರೋಪೋರಾ ಇಡುವ ಆಸೆ ಇದೆ. ಆಗ ದಿನಾ ಟೆಸ್ಟ್ ಮಾಡಬೇಕಾಗುತ್ತದೆ ಅಲ್ವಾ?

ಸಾಗರದ_ಉಪ್ಪುನೀರು

ಟೆಸ್ಟ್ ಆಮೇಲಿನ ಮಾತು. ಗಟ್ಟಿ ಹವಳಗಳೆಲ್ಲ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ, ಆನೆ ಇರುವ ಅದೇ ಪಟ್ಟಿ. ಸಮುದ್ರ ಬೀಸಣಿಗೆ, ಕಪ್ಪು ಹವಳ ಕೂಡ ಅದರಲ್ಲೇ. ಯಾರಾದರೂ ಕಮ್ಮಿ ಬೆಲೆಗೆ ಕೊಡುತ್ತೇನೆ ಅಂದರೆ ಅದು ಎಲ್ಲಿಂದ ಕಿತ್ತು ತಂದದ್ದು ಅಂತ ಯೋಚಿಸಿ. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ, ಅದು ಅಲ್ಲೇ ಇರಲಿ. ನಮ್ಮ ಟ್ಯಾಂಕ್‌ಗೆ ಝೋವಾ, ಮಶ್ರೂಮ್, ಲೆದರ್ ಗೆಳೆಯರ ಟ್ಯಾಂಕ್‌ನಲ್ಲಿ ಬೆಳೆದ ಫ್ರ್ಯಾಗ್ (ತುಂಡು) ಆಗಿ ಸಿಗುತ್ತವೆ. ಬಣ್ಣಕ್ಕೇನೂ ಕೊರತೆ ಇಲ್ಲ.

ವಿನೋಬನಗರ_ರೀಫ್

ಲೆಕ್ಕ ಮಾಡಿದೆ. ಸೋಮವಾರ ಬೆಳಿಗ್ಗೆ ಲೈಟ್ ಹಚ್ಚುವ ಮುಂಚೆ 8.6. ಗುರುವಾರ ಅದೇ ಹೊತ್ತಿಗೆ 8.0. ಅಂದರೆ ದಿನಕ್ಕೆ 0.2. ಕ್ಯಾಲ್ಸಿಯಂ 415, ಮೆಗ್ನೀಸಿಯಂ 1290, ನೈಟ್ರೇಟ್ 5ರ ಹತ್ತಿರ, ಫಾಸ್ಫೇಟ್ 0.05. ಉಪ್ಪು 35. ಈಗ ಡೋಸ್ ಮಾಡಬೇಕಾ, ನೀರು ಬದಲಾಯಿಸುವುದೇ ಸಾಕಾ?

ಸಾಗರದ_ಉಪ್ಪುನೀರು

ಒಳ್ಳೆಯ ಸಂಖ್ಯೆಗಳು. ವಾರಕ್ಕೆ 1.4 ಇಳಿಯುತ್ತದೆ. ಹತ್ತು ಪರ್ಸೆಂಟ್ ನೀರು ಬದಲಾಯಿಸಿದರೆ ಅದು ತುಂಬುವುದಿಲ್ಲ. ಹೊಸ ನೀರಿನ ಕೆಎಚ್ 9 ಇದ್ದು ಟ್ಯಾಂಕ್‌ನದು 7.2ಕ್ಕೆ ಬಂದಿದ್ದರೆ ಏರುವುದು 0.2 ಮಾತ್ರ. ಭದ್ರಾವತಿಯವರ ಟ್ಯಾಂಕ್‌ನಲ್ಲಿ ಕೋರಲೈನ್ ಕಮ್ಮಿ ಇರಬಹುದು, ಅವರಿಗೆ ನಡೆಯುತ್ತದೆ. ನಿಮಗೆ ಡೋಸ್ ಬೇಕು.

ಅಡುಗೆ ಸೋಡಾ ಸಾಕು. 100 ಲೀಟರ್ ನೀರಿಗೆ 3 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ. ನಿಮ್ಮ 170 ಲೀಟರ್‌ಗೆ ದಿನಕ್ಕೆ 0.2 ಅಂದರೆ ಸರಿಯಾಗಿ 1 ಗ್ರಾಂ. ಆರ್‌ಒ ನೀರಿನಲ್ಲಿ ಕರಗಿಸಿ, ನೀರು ಜೋರಾಗಿ ಓಡುವ ಕಡೆ ನಿಧಾನವಾಗಿ ಬಿಡಿ. ಬೇಕಿಂಗ್ ಪೌಡರ್ ಬೇರೆ, ಅದರಲ್ಲಿ ಆಮ್ಲ, ಹಿಟ್ಟು ಎಲ್ಲ ಸೇರಿರುತ್ತದೆ. ಡಬ್ಬಿಯ ಮೇಲೆ ಸೋಡಿಯಂ ಬೈಕಾರ್ಬೊನೇಟ್ ಒಂದೇ ಬರೆದಿರಬೇಕು.

ಕ್ಯಾಲ್ಸಿಯಂ ದಿನಕ್ಕೆ 1.4 ಪಿಪಿಎಂ ಇಳಿಯುತ್ತಿರುತ್ತದೆ. ತಿಂಗಳ ಟೆಸ್ಟ್‌ನಲ್ಲಿ 400ಕ್ಕಿಂತ ಕೆಳಗೆ ಕಂಡರೆ ಆಗ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ.

ಡೋಸ್ ಶುರು ಮಾಡಿದ ಮೊದಲ ಎರಡು ವಾರ ಕೆಎಚ್ ದಿನ ಬಿಟ್ಟು ದಿನ ನೋಡಿ. ಗೆರೆ ಸಮವಾಗಿ ನಿಂತ ಮೇಲೆ ವಾರಕ್ಕೊಮ್ಮೆ. ಉಪ್ಪಿನ ಮಟ್ಟವೂ ಅದೇ ದಿನ. ನೈಟ್ರೇಟ್, ಫಾಸ್ಫೇಟ್ ಎರಡು ವಾರಕ್ಕೊಮ್ಮೆ, ಎರಡೂ ಸೊನ್ನೆಗೆ ಹೋಗದಂತೆ ನೋಡಿಕೊಳ್ಳಿ. ಸೊನ್ನೆಯಾದರೆ ಡೈನೋ ಅನ್ನುವ ಕಂದು ಲೋಳೆ ಬರುತ್ತದೆ, ಅದನ್ನು ಓಡಿಸುವುದು ಬಹಳ ಕಷ್ಟ. ಶಾಖ ಮಾತ್ರ ದಿನಾ, ಹೋಗುತ್ತಾ ಬರುತ್ತಾ ಒಂದು ಕಣ್ಣು.

ವಿನೋಬನಗರ_ರೀಫ್

ಜುಲೈ ಬಂತು, ಮತ್ತೆ ಬರೆಯುತ್ತಿದ್ದೇನೆ. ಜೂನ್ ಪೂರ್ತಿ ಕೆಎಚ್ 8.2, 8.3ರಲ್ಲೇ ನಿಂತಿತ್ತು. ವಾರಕ್ಕೊಮ್ಮೆಗೆ ಬಂದಿದ್ದೆ. ಪುನರ್ವಸು ಮಳೆ ಜೋರಾದ ಮೇಲೆ ಒಂದೇ ವಾರದಲ್ಲಿ 9.1 ತೋರಿಸುತ್ತಿದೆ. ಡೋಸ್ ಅದೇ 1 ಗ್ರಾಂ. ಮಾರನೇ ದಿನ ಮತ್ತೆ ನೋಡಿದೆ, 9.2. ಎಲ್ಲರೂ ಮಳೆಗಾಲದಲ್ಲಿ ಕೆಎಚ್ ಇಳಿಯುತ್ತದೆ ಅಂದಿರಿ, ನನ್ನದು ಏರುತ್ತಿದೆ. ಕಿಟ್ ಕೆಟ್ಟಿತಾ? ಬಾಟಲಿ ಇಟ್ಟ ಕಪಾಟಿನಲ್ಲಿ ಬೂಸಲು ಬಂದಿದೆ.

ತೀರ್ಥಹಳ್ಳಿ_ತೋಟ

ಇಳಿಯುವುದು ನನ್ನಂತೆ ಟಾಪ್ ಅಪ್‌ನಲ್ಲಿ ಸುಣ್ಣ ಕೊಡುವವರಿಗೆ. ನೀವು ಅಳೆದು ಹಾಕುತ್ತಿದ್ದೀರಿ, ಆವಿಗೂ ನಿಮ್ಮ ಡೋಸ್‌ಗೂ ಸಂಬಂಧ ಇಲ್ಲ. ಕರೆಂಟ್ ಎಷ್ಟು ಹೊತ್ತು ಹೋಗುತ್ತಿದೆ? ಯುಪಿಎಸ್‌ಗೆ ಪಂಪ್ ಮಾತ್ರ ಕೊಟ್ಟಿದ್ದೀರಾ, ಲೈಟೂ ಇದೆಯಾ?

ವಿನೋಬನಗರ_ರೀಫ್

ಪಂಪ್ ಮಾತ್ರ. ಲೈಟ್ ಇಲ್ಲ. ಈ ವಾರ ಹಗಲು ಕರೆಂಟ್ ಇದ್ದದ್ದೇ ಕಮ್ಮಿ.

ಸಾಗರದ_ಉಪ್ಪುನೀರು

ಅಲ್ಲೇ ಇದೆ ಉತ್ತರ ಅನ್ನಿಸುತ್ತದೆ. ಲೈಟ್ ಇಲ್ಲದಿದ್ದರೆ ಕೋರಲೈನ್ ಸುಣ್ಣ ಕಟ್ಟುವುದು ನಿಧಾನವಾಗುತ್ತದೆ. ಕಿಟಕಿ ಮುಚ್ಚಿ ಪಿಎಚ್ ಇಳಿದಿದ್ದರೆ ಇನ್ನೂ ನಿಧಾನ. ಟ್ಯಾಂಕ್ ಬಳಸುವುದು ಕಮ್ಮಿಯಾಯಿತು, ಡೋಸ್ ಹಾಗೇ ಹೋಗುತ್ತಿದೆ. ಉಳಿದದ್ದು ಮೇಲೆ ಕೂರುತ್ತಿದೆ.

ಆದರೂ ಕಿಟ್ ಪರೀಕ್ಷೆ ಮಾಡಿಬಿಡಿ, ಅನುಮಾನ ಇಟ್ಟುಕೊಂಡು ಡೋಸ್ ಬದಲಾಯಿಸಬೇಡಿ. 1 ಲೀಟರ್ ಆರ್‌ಒ ನೀರಿಗೆ 3 ಗ್ರಾಂ ಅಡುಗೆ ಸೋಡಾ ಕರಗಿಸಿ. ಅದರಿಂದ 100 ಮಿಲೀ ತೆಗೆದು, ಆರ್‌ಒ ನೀರು ಸೇರಿಸಿ ಮತ್ತೆ 1 ಲೀಟರ್ ಮಾಡಿ. ಆ ನೀರಿನ ಕೆಎಚ್ 10 ಇರಬೇಕು. ಕಿಟ್ 9.5ರಿಂದ 10.5ರ ಒಳಗೆ ತೋರಿಸಿದರೆ ಕಿಟ್ ಸರಿಯಿದೆ. ಆದರೆ ಹನ್ನಾ ಚೆಕರ್‌ನ ರೀಏಜೆಂಟ್ ಸಮುದ್ರದ ನೀರಿಗೆ ಅಂತಲೇ ಮಾಡಿದ್ದು, ಅದು ಇದ್ದವರು ಅದರ ಜೊತೆ ಸಿಗುವ ಸ್ಟ್ಯಾಂಡರ್ಡ್ ಬಾಟಲಿಯನ್ನೇ ಬಳಸಿ.

ಭದ್ರಾವತಿ_ನೀಲಿ

ಕರೆಂಟ್ ವಿಷಯ ಬಂದದ್ದಕ್ಕೆ ಒಂದು ಮಾತು. ಕ್ಯಾನಿಸ್ಟರ್ ಫಿಲ್ಟರ್ (ಮುಚ್ಚಿದ ಡಬ್ಬಿಯ ಫಿಲ್ಟರ್) ಇರುವವರು ಗಂಟೆಗಟ್ಟಲೆ ಕರೆಂಟ್ ಹೋಗಿ ಬಂದ ಮೇಲೆ ಹಾಗೇ ಓಡಿಸಬೇಡಿ. ಒಳಗೆ ನಿಂತ ನೀರು ಆಕ್ಸಿಜನ್ ಇಲ್ಲದೆ ಕೊಳೆತಿರುತ್ತದೆ. ಅದನ್ನು ಚೆಲ್ಲಿ, ಫಿಲ್ಟರ್ ತೊಳೆದು ಆಮೇಲೆ ಹಚ್ಚಿ. ಆ ದಿನ ಅಮೋನಿಯಾ ಒಂದು ಟೆಸ್ಟ್ ಮಾಡಿ. ಇದನ್ನು ಮಾತ್ರ ನಾನು ಕಣ್ಣಳತೆಗೆ ಬಿಡುವುದಿಲ್ಲ. ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿ ಇರಲಿ. ಮೀನು ಮೊದಲು ಸಾಯುವುದು ಆಕ್ಸಿಜನ್ ಇಲ್ಲದೆ.

ವಿನೋಬನಗರ_ರೀಫ್

ಸೋಡಾ ನೀರಿಗೆ ಕಿಟ್ 10.2 ತೋರಿಸಿತು. ಕಿಟ್ ಸರಿಯಿದೆ. ಡೋಸನ್ನು ಅರ್ಧ ಗ್ರಾಂಗೆ ಇಳಿಸಿದ್ದೇನೆ, ಮಳೆ ಕಮ್ಮಿಯಾಗುವ ತನಕ ದಿನ ಬಿಟ್ಟು ದಿನ ನೋಡುತ್ತೇನೆ. ಇವತ್ತು ಬೆಳಿಗ್ಗೆ 8.9. ಹವಳ ಎಲ್ಲ ಅರಳಿವೆ, ಟೋಡ್‌ಸ್ಟೂಲ್ ಕೂಡ.

ಇನ್ನೊಂದು ಗಮನಿಸಿದೆ. ಅರ್ಧ ಉಳಿದ ಉಪ್ಪಿನ ಚೀಲ ಗಟ್ಟಿ ಹೆಂಟೆ ಆಗಿದೆ. ನೈಟ್ರೇಟ್ ಕಿಟ್‌ನ ಪುಡಿಯೂ ಅಂಟಿಕೊಂಡಿದೆ. ಬಳಸಬಹುದಾ?

ತೀರ್ಥಹಳ್ಳಿ_ತೋಟ

ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಎರಡೂ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಸ್ವಲ್ಪ ಹೆಂಟೆಯಾದದ್ದು ಕರಗಿದರೆ ಬಳಸಬಹುದು, ಆದರೆ ತೂಕ ನಂಬಬೇಡಿ. ತೂಕದಲ್ಲಿ ನೀರೂ ಸೇರಿರುತ್ತದೆ, ಉಪ್ಪು ಕಮ್ಮಿ ಬೀಳುತ್ತದೆ. ಕಲಸಿದ ನೀರನ್ನು ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿಯೇ ಟ್ಯಾಂಕ್‌ಗೆ ಹಾಕಿ. ಕಲ್ಲಿನಂತೆ ಗಟ್ಟಿಯಾಗಿ, ಕಲಸಿದಾಗ ನೀರು ಹಾಲಿನ ಬಣ್ಣವೇ ಉಳಿದರೆ ಬೇಡ. ಕ್ಯಾಲ್ಸಿಯಂ, ಕೆಎಚ್ ಎರಡೂ ಒಂದಕ್ಕೊಂದು ಅಂಟಿ ಸುಣ್ಣವಾಗಿ ಹೋಗಿರುತ್ತವೆ. ನಾನು ಚೀಲ ಒಡೆದ ದಿನವೇ ಮುಚ್ಚಳ ಬಿಗಿಯಾದ ಡ್ರಮ್‌ಗೆ ಸುರಿಯುತ್ತೇನೆ.

ನೈಟ್ರೇಟ್ ಪುಡಿ ಅಂಟಿಕೊಂಡಿದ್ದರೆ ಎಸೆಯಿರಿ. ಬಣ್ಣ ಕಮ್ಮಿ ಬರುತ್ತದೆ, 10 ಇದ್ದದ್ದು 2 ಅಂತ ತೋರಿಸುತ್ತದೆ. ಹೊಸದು ಬಂದ ಮೇಲೆ ಎಲ್ಲ ಕಿಟ್‌ಗಳನ್ನೂ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬಾಟಲಿ ತೆರೆದ ತಾರೀಖನ್ನು ಮಾರ್ಕರ್‌ನಲ್ಲಿ ಬರೆಯಿರಿ.

ಕೊಪ್ಪ_ನ್ಯಾನೋ

ನನ್ನ ಟ್ಯಾಂಕ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂತು, ನೈಟ್ರೇಟ್ 10. ಆರ್‌ಒಗೆ ಡಿಐ ಹಾಕಿಸಿದೆ, ಟಿಡಿಎಸ್ 0. ತೋಟಕ್ಕೆ ಎರಡನೇ ಔಷಧಿ ಮುಂದಿನ ವಾರ ಹೊಡೆಯುತ್ತಾರೆ. ಅದು ಮುಗಿದ ಮೇಲೆ ಮೊದಲ ಮೀನು ತರುತ್ತೇನೆ. ಅಮೋನಿಯಾ ಕಿಟ್‌ನಲ್ಲಿ ಇನ್ನೂ ಅರ್ಧ ಉಳಿದಿದೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಯಾರಾದರೂ ಹೊಸದಾಗಿ ಶುರು ಮಾಡುವವರಿದ್ದರೆ ಹೇಳಿ, ಕೊಟ್ಟುಬಿಡುತ್ತೇನೆ.